ವೀಕ್ಷಣಾ ಗೋಪುರದಿಂದ ನಮ್ಮ ಮನೆಗಳೊಳಗೆ ಇಣುಕುವುದನ್ನು ತಡೆಯುವ ಬಗ್ಗೆ ಮತ್ತೊಮ್ಮೆ ಮನವಿ

ಇವರಿಗೆ: ಉದ್ಯಾನದ ಹೊಣೆ ಹೊತ್ತ ಅಧಿಕಾರಿಗಳು, ದಾವಣಗೆರೆ
ಇವರಿಂದ: ಪಾರ್ಕ್ ಪಕ್ಕದ ಅಪಾರ್ಟ್‌ಮೆಂಟ್ ನಿವಾಸಿಗಳು

ಮಾನ್ಯರೇ,

ಈ ವಿಷಯ ನಿಮಗೆ ಹೊಸದಲ್ಲ. ಗೋಪುರದ ಮೇಲೆ ಜನ ನಿಲ್ಲುವ ಜಾಗ ನಮ್ಮ ಮೂರನೇ ಮಹಡಿಯ ಕಿಟಕಿಗಳಿಗೆ ನೇರ ಎದುರಿಗಿದೆ. ಭಾನುವಾರ ಸಂಜೆ ಅಲ್ಲಿ ಹತ್ತಿದವರು ಊರು ನೋಡುವುದಕ್ಕಿಂತ ನಮ್ಮ ಅಡುಗೆಮನೆ, ಮಲಗುವ ಕೋಣೆ ನೋಡುವುದೇ ಜಾಸ್ತಿ. ಶಿಳ್ಳೆ ಹಾಕುತ್ತಾರೆ, ಮೊಬೈಲ್ ಝೂಮ್ ಮಾಡಿ ವಿಡಿಯೊ ತೆಗೆಯುತ್ತಾರೆ. ಪಿಯುಸಿ ಓದುವ ಹುಡುಗಿ ಬಾಲ್ಕನಿಗೆ ಬರುವುದನ್ನೇ ಬಿಟ್ಟಿದ್ದಾಳೆ. ಮನೆಯಲ್ಲಿ ಬಾಣಂತಿ ಇರುವವರು ಹಗಲೆಲ್ಲ ಕಿಟಕಿ ಮುಚ್ಚಿರುತ್ತಾರೆ. ಏಪ್ರಿಲ್ ಬಿಸಿಲಲ್ಲಿ, ಕರೆಂಟ್ ಇಲ್ಲದಾಗ, ನಮ್ಮೂರಲ್ಲಿ ಹಾಗೆ ಕೂರುವುದು ಎಷ್ಟು ಕಷ್ಟ ಅಂತ ನಿಮಗೂ ಗೊತ್ತು ಅಲ್ವಾ?

ಗೋಪುರ ಕಟ್ಟುವಾಗಲೇ ಹೇಳಿದೆವು. "ನೋಡೋಣ" ಎಂದಿರಿ. ಉದ್ಘಾಟನೆ ಆದ ಮೇಲೆ ಅರ್ಜಿ ಕೊಟ್ಟೆವು. ಸೀಲು ಬಿತ್ತು, ಉತ್ತರ ಬರಲಿಲ್ಲ. ಮತ್ತೆ ಕೇಳಿದರೆ ಫೈಲು ಎಂಜಿನಿಯರ್ ಹತ್ತಿರ ಇದೆ ಎಂದರು. ಎಂಜಿನಿಯರ್ ಗುತ್ತಿಗೆದಾರರನ್ನು ತೋರಿಸಿದರು. ಗುತ್ತಿಗೆದಾರರು ಬಿಲ್ ಆಗಿಲ್ಲ ಎಂದರು. ಸ್ಥಳ ಪರಿಶೀಲನೆಗೆ ಬಂದವರು ಗೋಪುರ ಹತ್ತಲೇ ಇಲ್ಲ, ಗೇಟಿನಲ್ಲೇ ಫೋಟೊ ತೆಗೆದು ಹೋದರು. ಅಷ್ಟರಲ್ಲಿ ಅಧಿಕಾರಿಗೆ ವರ್ಗವಾಯಿತು. ಹೊಸಬರು ಹಳೇ ಅರ್ಜಿ ಸಿಗುತ್ತಿಲ್ಲ, ಇನ್ನೊಂದು ಕೊಡಿ ಎಂದರು. ಅದನ್ನೂ ಕೊಟ್ಟೆವು. ಕೊನೆಗೆ ಬಂದ ಉತ್ತರ, "ಪರದೆ ಹಾಕ್ಕೊಳ್ಳಿ." ಇದನ್ನು ನಾವು ಮರೆಯುವುದಿಲ್ಲ. ಇಣುಕುವವರನ್ನು ತಡೆಯದೆ ಮನೆಯೊಳಗೆ ಇರುವವರಿಗೇ ಬುದ್ಧಿ ಹೇಳುವುದು ಯಾವ ನ್ಯಾಯ?

ಲಂಡನ್ನಿನ ಟೇಟ್ ಮಾಡರ್ನ್ ಗ್ಯಾಲರಿಯ ವೀಕ್ಷಣಾ ಮಹಡಿಯ ವಿರುದ್ಧ ಎದುರಿನ ಫ್ಲ್ಯಾಟಿನವರು ಕೇಸು ಹಾಕಿದಾಗ ಅವರೂ ಇದೇ ಪರದೆಯ ಮಾತು ಕೇಳಬೇಕಾಯಿತು. ಕೆಳಗಿನ ಎರಡು ಕೋರ್ಟುಗಳಲ್ಲಿ ಸೋತರು. 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. ನಮ್ಮ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠವೂ 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದಿದೆ. ಆ ಕೇಸು ಹಾಕಿದವರು ನಮ್ಮ ರಾಜ್ಯದ ಹೈಕೋರ್ಟಿನಲ್ಲೇ ನ್ಯಾಯಮೂರ್ತಿಯಾಗಿದ್ದ ಕೆ.ಎಸ್. ಪುಟ್ಟಸ್ವಾಮಿ. ಆ ಹಕ್ಕು ನಮ್ಮ ಬೀದಿಗೂ ಬರಬೇಕು.

ತೊಂದರೆ ಇದೊಂದೇ ಅಲ್ಲ. ರಾತ್ರಿ 10ರ ನಂತರ ಧ್ವನಿವರ್ಧಕ ಹಾಕಬಾರದು ಎಂಬ ನಿಯಮ ಇದ್ದರೂ ಪಾರ್ಕಿನ ಹಾಡು ನಿಲ್ಲುವುದಿಲ್ಲ. ಮಂಡಕ್ಕಿ, ಮಿರ್ಚಿ ಗಾಡಿಗಳ ಕಾಗದ, ಎಣ್ಣೆ ಎಲ್ಲ ನಮ್ಮ ಚರಂಡಿಗೇ ಸೇರುತ್ತದೆ. ಬಂದವರ ಬೈಕುಗಳು ನಮ್ಮ ಗೇಟಿಗೆ ಅಡ್ಡ ನಿಲ್ಲುತ್ತವೆ. ಒಮ್ಮೆ ಆಂಬುಲೆನ್ಸ್ ಒಳಗೆ ಬರಲು ಆಗದೆ ಹಿರಿಯರೊಬ್ಬರನ್ನು ರಸ್ತೆವರೆಗೂ ಹೊತ್ತುಕೊಂಡು ಹೋದೆವು. ಬೀದಿದೀಪದ ಬಗ್ಗೆ ಹೇಳಿ ಹೇಳಿ ಸಾಕಾಗಿದೆ.

ಗೋಪುರ ಕೆಡವಿ ಎನ್ನುತ್ತಿಲ್ಲ. ನಮ್ಮ ಕಡೆಗೆ ಆಳೆತ್ತರ ಮೀರುವ ಮರೆ ಕಟ್ಟಿಸಿ. ಅಲ್ಲಿಯವರೆಗೆ ಆ ಬದಿಗೆ ಹಗ್ಗ ಕಟ್ಟಿ, ಕಾವಲುಗಾರರನ್ನು ನಿಲ್ಲಿಸಿ. ಈ ತಿಂಗಳ ಕೊನೆಯೊಳಗೆ ಲಿಖಿತ ಉತ್ತರ ಬರದಿದ್ದರೆ ಮಕ್ಕಳು, ಮುದುಕರು ಎನ್ನದೆ ಎಲ್ಲರೂ ನಿಮ್ಮ ಕಚೇರಿ ಮುಂದೆ ಕೂರುತ್ತೇವೆ.

ಇಂತಿ,
ಸಹಿ ಮಾಡಿದ ಎಲ್ಲ ನಿವಾಸಿಗಳು