ತಂಬಿಗೆಯ ಪಾಠ: ಮಗಳಿಗೊಂದು ಪತ್ರ

ಚಿರಂಜೀವಿ ಮಗಳಿಗೆ,

ಅಮ್ಮನ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ. ನಿನ್ನ ವಿನ್ಯಾಸ ತರಗತಿಯ ವರದಿಗಾಗಿ ದಿನಬಳಕೆಯ ಒಂದು ವಸ್ತುವನ್ನು ಆರಿಸಿಕೊಂಡು, ಅಳೆದು, ಚಿತ್ರ ಬರೆದು, ಅದು ಈಗಿರುವ ಹಾಗೆಯೇ ಏಕಿದೆ ಎಂದು ವಿವರಿಸಬೇಕಾಗಿದೆಯೆಂದೂ, ನೀನು ತಂಬಿಗೆಯನ್ನು ಆರಿಸಿಕೊಂಡೆಯೆಂದೂ, ಆದರೆ ಎರಡು ಪುಟ ತುಂಬುವಷ್ಟು ವಿಷಯವೂ ಅದರಲ್ಲಿ ಸಿಗುತ್ತಿಲ್ಲವೆಂದೂ ಬರೆದಿದ್ದೀಯೆ. ದಾವಣಗೆರೆಯ ಪಾತ್ರೆ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ಪಕ್ಕ ಕುಳಿತು ಹೋಂವರ್ಕ್ ಮಾಡಿದವಳು ಹೀಗೆನ್ನುವುದನ್ನು ಕೇಳಿ ನಿನ್ನ ಅಪ್ಪ ನಕ್ಕರು. ನನಗೆ ಮಾತ್ರ ಸುಮ್ಮನಿರಲಾಗಲಿಲ್ಲ.

ನಿನ್ನ ಆಯ್ಕೆಯಲ್ಲಿ ಒಂದು ಔಚಿತ್ಯವಿದೆ. 1958ರಲ್ಲಿ ಭಾರತ ಸರ್ಕಾರದ ಕೋರಿಕೆಯಂತೆ ಅಮೆರಿಕದ ವಿನ್ಯಾಸಕಾರ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ ನಮ್ಮ ದೇಶವನ್ನು ಸುತ್ತಿ ನೋಡಿ, ಸಣ್ಣ ಕೈಗಾರಿಕೆಗಳಿಗೆ ನೆರವಾಗುವಂಥ ವಿನ್ಯಾಸ ಶಿಕ್ಷಣ ಹೇಗಿರಬೇಕೆಂದು ಒಂದು ವರದಿ ಬರೆದುಕೊಟ್ಟರು. 1961ರಲ್ಲಿ ಅಹಮದಾಬಾದಿನಲ್ಲಿ ನೀನು ಓದುತ್ತಿರುವ ರಾಷ್ಟ್ರೀಯ ವಿನ್ಯಾಸ ಸಂಸ್ಥೆ (ಎನ್‌ಐಡಿ) ಆರಂಭವಾದದ್ದು ಆ ವರದಿಯ ಬೆನ್ನಿಗೇ. ಅಣ್ಣ ತಂಗಿಯರಾದ ಗೌತಮ್ ಮತ್ತು ಗಿರಾ ಸಾರಾಭಾಯಿ ಅದನ್ನು ಕಟ್ಟಿ ನಿಲ್ಲಿಸಿದರು. ಭಾರತದಲ್ಲಿ ತಾವು ಕಂಡು ಮೆಚ್ಚಿದ ವಸ್ತುಗಳಲ್ಲೆಲ್ಲ ತಂಬಿಗೆಯೇ ಬಹುಶಃ ಅತ್ಯುತ್ತಮ ಎಂದು ಆ ದಂಪತಿ ಬರೆದರು. ಎಷ್ಟು ನೀರು ಹಿಡಿಯಬೇಕು, ಯಾರ ಕೈಗೆ ಒಗ್ಗಬೇಕು, ಸೊಂಟದ ಮೇಲೋ ತಲೆಯ ಮೇಲೋ ಹೇಗೆ ಕೂರಬೇಕು, ಬಗ್ಗಿಸಿದಾಗ ತೂಕ ಎತ್ತ ವಾಲಬೇಕು, ಒಳಗೆ ತೊಳೆಯಲು ಬಾಯಿ ಎಷ್ಟು ಅಗಲವಿರಬೇಕು, ಕಲ್ಲಿನ ಮೇಲಿಟ್ಟಾಗ ಸದ್ದು ಹೇಗಿರಬೇಕು, ಹಳತಾದ ಮೇಲೆ ಲೋಹಕ್ಕೆ ಏನು ಬೆಲೆ ಬಂದೀತು ಎಂಬಂಥ ಪ್ರಶ್ನೆಗಳನ್ನು ಅವರು ಸಾಲಾಗಿ ಕೇಳಿಕೊಂಡರು. ಅದನ್ನು ಇಟ್ಟುಕೊಳ್ಳುವಾಗ, ಮಾರುವಾಗ, ಇನ್ನೊಬ್ಬರಿಗೆ ಕೊಡುವಾಗ ಏನನ್ನಿಸುತ್ತದೆ ಎಂಬ ಪ್ರಶ್ನೆಯೂ ಆ ಸಾಲಿನಲ್ಲಿದೆ. ಮಾರುವವಳ ಕಡೆಯಿಂದ ಉತ್ತರ ಕೊಡುವ ಅರ್ಹತೆ ನನಗಿದೆ ಎಂದುಕೊಂಡು ಬರೆಯುತ್ತಿದ್ದೇನೆ.

ಕೊಳ್ಳಲು ಬಂದವರು ತಂಬಿಗೆಯನ್ನು ಕಣ್ಣಿಗಿಂತ ಮೊದಲು ಕೈಯಿಂದ ನೋಡುತ್ತಾರೆ. ಕಂಠಕ್ಕೆ ಬೆರಳು ಕೊಟ್ಟು ಎತ್ತಿ ತೂಕ ನೋಡುತ್ತಾರೆ, ಗೆಣ್ಣಿನಿಂದ ತಟ್ಟಿ ದನಿ ಕೇಳುತ್ತಾರೆ, ಹೆಬ್ಬೆರಳನ್ನು ಅಂಚಿನ ಸುತ್ತ ಒಮ್ಮೆ ಆಡಿಸುತ್ತಾರೆ, ಕಡೆಗೆ ಕೌಂಟರಿನ ಗಾಜಿನ ಮೇಲಿಟ್ಟು ಒಂದು ಮಗ್ಗುಲಲ್ಲಿ ಒತ್ತಿ ಅಲುಗುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ನಿನ್ನ ಎರಡು ಪುಟಕ್ಕೆ ಬೇಕಾದ್ದೆಲ್ಲ ಇಲ್ಲಿಯೇ ಇದೆ. ತೆಳುವಾದ ತಗಡಿನ ಅಂಚನ್ನು ಹೊರಕ್ಕೆ ಸುರುಳಿಯಾಗಿ ಮಡಚಿರುವುದು ತುಟಿ, ಬೆರಳು ಕೊಯ್ಯದಿರಲೆಂದು ಮಾತ್ರವಲ್ಲ; ಆ ಮಡಿಕೆಯೇ ಬಾಯಿಗೆ ಬಿಗಿ ಕೊಡುತ್ತದೆ, ಅದಿಲ್ಲದ ಪಾತ್ರೆ ಒಮ್ಮೆ ಕೆಳಗೆ ಬಿದ್ದರೆ ಬಾಯಿ ಮೊಟ್ಟೆಯಾಕಾರವಾಗಿ ನೆಗ್ಗಿಹೋಗುತ್ತದೆ. ತಳವನ್ನು ಕೊಂಚ ಒಳಕ್ಕೆ ಒತ್ತಿರುವುದರಿಂದ ತಂಬಿಗೆ ಒಂದು ಬಳೆಯಾಕಾರದ ಗೆರೆಯ ಮೇಲೆ ನಿಲ್ಲುತ್ತದೆ. ಪೂರ್ತಿ ಚಪ್ಪಟೆಯಾಗಿದ್ದಿದ್ದರೆ ಸ್ವಲ್ಪವೇ ಉಬ್ಬಿದರೂ ಬುಗುರಿಯಂತೆ ಆಡುತ್ತಿತ್ತು. ಕಂಠ ಕಿರಿದಾಗಿ ಬಾಯಿ ಅರಳಿರುವುದರಿಂದ ಒದ್ದೆ ಕೈಯೂ ಜಾರದೆ ಅಂಚಿನ ಕೆಳಗೆ ತಡೆದು ನಿಲ್ಲುತ್ತದೆ. ಆದರೆ ಕಂಠವನ್ನು ಮನಬಂದಷ್ಟು ಕಿರಿದು ಮಾಡುವಂತಿಲ್ಲ, ಏಕೆಂದರೆ ತಿಕ್ಕುವ ಕೈ ಒಳಗೆ ಹೋಗಬೇಕು. ಬಳೆ ತೊಟ್ಟ ಹೆಂಗಸರು ನಾಲ್ಕು ಬೆರಳನ್ನು ಒಳಗಿಳಿಸಿ ನೋಡಿ, ಬಳೆ ತಗುಲಿದರೆ ಮಾತಿಲ್ಲದೆ ಪಕ್ಕಕ್ಕಿಡುವುದನ್ನು ನಾನು ನಿತ್ಯ ನೋಡುತ್ತೇನೆ. ಕಾರ್ಖಾನೆಯವರು ಇದನ್ನು ನೋಡುವುದಿಲ್ಲ.

ಇನ್ನು ಹೆಸರು ಹಾಕಿಸುವ ವಿಚಾರ. ಮದುವೆ, ಗೃಹಪ್ರವೇಶಕ್ಕೆ ಉಡುಗೊರೆ ಕೊಡುವವರೆಲ್ಲ ಹೆಸರು ಕೆತ್ತಿಸುತ್ತಾರೆ, ಅದೂ ಕಂಠದ ಕೆಳಗಿನ ಭುಜದ ಭಾಗದಲ್ಲಿಯೇ. ಅಲ್ಲಿ ಅಕ್ಷರ ಎದ್ದು ಕಾಣುತ್ತದೆ, ನೆಲಕ್ಕೆ ಉಜ್ಜಿ ಸವೆಯುವುದಿಲ್ಲ. ಕೆಲವು ಹೊಸ ಮಾದರಿಗಳಲ್ಲಿ ಆ ಜಾಗದಲ್ಲೆಲ್ಲ ಹೂಬಳ್ಳಿಯ ಅಚ್ಚು ಒತ್ತಿರುತ್ತಾರೆ. ನೋಡಲು ಚೆನ್ನಾಗಿದ್ದರೂ ಕೊಟ್ಟವರ ಹೆಸರಿಗೆ ಜಾಗವಿಲ್ಲದ್ದರಿಂದ ಅವು ಬೀರುವಿನಲ್ಲಿಯೇ ಉಳಿಯುತ್ತವೆ.

ಈಚೆಗೆ ಕೆಲವರು ಅಯಸ್ಕಾಂತ ತಂದು ಸ್ಟೀಲನ್ನು ಪರೀಕ್ಷಿಸುತ್ತಾರೆ. ಅಂಟದಿದ್ದರೆ ಒಳ್ಳೆಯ ಮಾಲು ಎಂದು ಅವರ ನಂಬಿಕೆ. 304 ದರ್ಜೆಯ ಸ್ಟೀಲಿನಲ್ಲಿ ನೂರಕ್ಕೆ ಸುಮಾರು 18 ಭಾಗ ಕ್ರೋಮಿಯಂ, 8 ಭಾಗ ನಿಕ್ಕಲ್ ಇರುತ್ತದೆ. ಅಗ್ಗದ 202 ದರ್ಜೆಯಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿರುತ್ತಾರೆ. ಅಯಸ್ಕಾಂತ ಎರಡಕ್ಕೂ ಅಂಟುವುದಿಲ್ಲ. ಅದಕ್ಕೂ ವಿಚಿತ್ರವೆಂದರೆ, ಅಪ್ಪಟ 304ರ ತಗಡೂ ಪಾತ್ರೆಯ ಆಕಾರಕ್ಕೆ ಒತ್ತುವ ಪ್ರೆಸ್ಸಿನಲ್ಲಿ ಎಳೆಸಿಕೊಂಡು ಮಡಚಿಸಿಕೊಂಡ ಕಡೆ ಕೊಂಚ ಅಯಸ್ಕಾಂತಕ್ಕೆ ಒಲಿಯುತ್ತದೆ. ನಿನ್ನ ವರದಿಯಲ್ಲಿ ಲೋಹದ ಹೆಸರು ಬರೆದು ಸುಮ್ಮನಾಗದೆ, ತಯಾರಿಕೆಯಲ್ಲಿ ಅದು ಅನುಭವಿಸಿದ್ದನ್ನೂ ಬರೆ.

ಇಷ್ಟು ಹೊಗಳಿದ ಮೇಲೆ ಒಂದು ತಕರಾರೂ ಇದೆ. ಈಮ್ಸ್ ದಂಪತಿ ಹೊಳೆಯುವ ಹಿತ್ತಾಳೆಯ ಮೇಲೆ ಬಿಸಿಲು ಬಿದ್ದಾಗ ಹೇಗೆ ಕಾಣುತ್ತದೆಂದು ಕೇಳಿದರು. ಹಳ್ಳಿಯ ಹೆಂಗಸರು ಹುಣಸೆಹಣ್ಣು, ಬೂದಿ ಹಚ್ಚಿ ದಿನಾ ಆ ಹಿತ್ತಾಳೆಯನ್ನು ಚಿನ್ನವಾಗಿಸುತ್ತಾರೆಂದು ಮೆಚ್ಚಿಯೂ ಬರೆದರು. ಆದರೆ ದಿನಾ ಹಾಗೆ ತಿಕ್ಕುವುದು ಆ ಹೆಂಗಸರಿಗೆ ಹೇಗನ್ನಿಸುತ್ತದೆ ಎಂಬುದನ್ನೂ ಕೇಳಿದ್ದರೆ ಚೆನ್ನಾಗಿತ್ತು. ಹುಳಿ ಪದಾರ್ಥ ಇಟ್ಟರೆ ಕಿಲುಬು ಬಿಡುತ್ತದೆಂದು ಅಡುಗೆಯ ಹಿತ್ತಾಳೆ ಪಾತ್ರೆಗಳಿಗೆಲ್ಲ ತವರದ ಕಲಾಯಿ ಹಾಕಿಸಬೇಕಿತ್ತು, ಅದು ಸವೆದಾಗ ಮತ್ತೆ ಹಾಕಿಸಬೇಕಿತ್ತು. ಸ್ಟೀಲು ಬಂದಾಗ ನಿನ್ನ ಅಜ್ಜಿಯಂಥವರು ಹಿತ್ತಾಳೆಯನ್ನು ತೂಕಕ್ಕೆ ಹಾಕಿ ಸ್ಟೀಲು ಒಯ್ದದ್ದು ಸೌಂದರ್ಯಪ್ರಜ್ಞೆ ಇಲ್ಲದ್ದರಿಂದಲ್ಲ, ರಟ್ಟೆ ನೋವಿನಿಂದ. ಬಚ್ಚಲುಮನೆಯಲ್ಲಂತೂ ತಂಬಿಗೆಯನ್ನು ಸೋಲಿಸಿದ್ದು ಯಾರೂ ಹೊಗಳದ ಪ್ಲಾಸ್ಟಿಕ್ ಮಗ್. ಅದಕ್ಕೊಂದು ಹಿಡಿಯಿದೆ, ಆ ಹಿಡಿಯಿಂದಲೇ ಅದು ಬಕೆಟ್ಟಿನ ಅಂಚಿಗೆ ತೂಗಿಕೊಳ್ಳುತ್ತದೆ, ಸೋಪಿನ ಕೈಗೂ ಸಿಗುತ್ತದೆ, ಕಾಲ ಮೇಲೆ ಬಿದ್ದರೂ ನೋಯುವುದಿಲ್ಲ. ವಿನ್ಯಾಸ ಕಲಿಯುವವರು ಮ್ಯೂಸಿಯಂ ಸೇರಿದ ವಸ್ತುವನ್ನು ಓದುವಷ್ಟೇ ಶ್ರದ್ಧೆಯಿಂದ, ಅದನ್ನು ಮನೆಯಿಂದ ಹೊರಹಾಕಿದ ವಸ್ತುವನ್ನೂ ಓದಬೇಕೆಂಬುದು ನನ್ನ ಅಭಿಪ್ರಾಯ. ನಿನ್ನ ಮೇಷ್ಟರು ಒಪ್ಪದಿದ್ದರೂ ಕೇಳಿ ನೋಡು.

ಮುಂದೆ ಎರಡನೆಯ ವಸ್ತು ಆರಿಸಬೇಕಾಗಿ ಬಂದರೆ ಕುಕ್ಕರನ್ನು ತೆಗೆದುಕೊ. ಒಳಮುಚ್ಚಳದ ಕುಕ್ಕರಿನ ಬಾಯಿ ದುಂಡಗಿಲ್ಲದೆ ಅಂಡಾಕಾರವಾಗಿರುವುದು ಅಲಂಕಾರಕ್ಕಲ್ಲ. ದುಂಡಗಿನ ಮುಚ್ಚಳ ತನಗಿಂತ ಕಿರಿದಾದ ದುಂಡಗಿನ ಬಾಯಿಯೊಳಗೆ ಇಳಿಯಲಾರದು, ಅಂಡಾಕಾರದ್ದನ್ನು ಓರೆ ಮಾಡಿ ಇಳಿಸಿ ತಿರುಗಿಸಬಹುದು. ಒಳಗೆ ಆವಿ ಕಟ್ಟಿ ನೀರು 100 ಡಿಗ್ರಿ ದಾಟಿ ಸುಮಾರು 120 ಡಿಗ್ರಿಗೆ ಏರಿದಾಗ, ಆ ಒತ್ತಡವೇ ಮುಚ್ಚಳವನ್ನು ಅಂಚಿಗೆ ಅದುಮಿ ಹಿಡಿಯುವುದರಿಂದ, ಆವಿ ಇಳಿಯುವವರೆಗೆ ಅದನ್ನು ತೆರೆಯಲಾಗುವುದಿಲ್ಲ. ಇಷ್ಟು ಜಾಣತನವಿದ್ದರೂ ನಮ್ಮ ಅಂಗಡಿಯಲ್ಲಿ ಹೆಚ್ಚು ಹೋಗುವುದು ಹೊರಮುಚ್ಚಳದ್ದೇ. ನಮ್ಮ ಕಡೆಯವರಿಗೆ ಕೆಳಗೊಂದು ಡಬ್ಬಿಯಲ್ಲಿ ಬೇಳೆ, ಮೇಲೊಂದರಲ್ಲಿ ಅನ್ನ ಇಟ್ಟು ಒಂದೇ ಉರಿಯಲ್ಲಿ ಬೇಯಿಸುವ ರೂಢಿ. ಅದಕ್ಕೆ ಪೂರ್ತಿ ತೆರೆದ ಬಾಯಿ ಬೇಕು.

ಪಾರ್ಸೆಲ್ಲಿನಲ್ಲಿ ಒಂದು ಹಳೆಯ ಹಿತ್ತಾಳೆ ತಂಬಿಗೆ, 304 ಮತ್ತು 202ರ ಸ್ಟೀಲಿನವು ಒಂದೊಂದು, ಜೊತೆಗೆ ಒಂದು ಮಗ್ ಕಳಿಸಿದ್ದೇನೆ. ನಾಲ್ಕನ್ನೂ ಬರಿದಾಗಿ ಒಮ್ಮೆ, ನೀರು ತುಂಬಿ ಒಮ್ಮೆ ತೂಗು. ಕೈಗೆ ಸೋಪು ಹಚ್ಚಿಕೊಂಡು ಎತ್ತಿ ನೋಡು. ಹಾಸ್ಟೆಲಿನಲ್ಲಿ ಪಾತ್ರೆ ತೊಳೆಯುವವರ ಮುಂದಿಟ್ಟು, ಮನೆಗೆ ಒಯ್ಯುವುದಾದರೆ ಯಾವುದನ್ನು ಒಯ್ಯುವಿರಿ, ಏಕೆ ಎಂದು ಕೇಳಿ, ಅವರು ಹೇಳಿದ್ದನ್ನು ಚಿತ್ರ ಬರೆಯುವ ಮೊದಲೇ ಬರೆದುಕೊ. ಹಿತ್ತಾಳೆಯದನ್ನು ಕೊಯ್ಯಬೇಡ, ಅದು ಅಜ್ಜಿಯದು, ವಾಪಸು ಬರಬೇಕು. ಸ್ಟೀಲಿನ ಎರಡನ್ನೂ ವರ್ಕ್‌ಶಾಪಿನಲ್ಲಿ ಉದ್ದಕ್ಕೆ ಸೀಳಿಸಿ, ತಗಡಿನ ದಪ್ಪವನ್ನು ಬಾಯಿಯ ಹತ್ತಿರ, ಹೊಟ್ಟೆಯಲ್ಲಿ, ತಳ ತಿರುಗುವ ಮೂಲೆಯಲ್ಲಿ ಅಳೆ. ಪ್ರೆಸ್ಸಿನಲ್ಲಿ ಎಳೆದಾಗ ತಗಡು ಆ ಕೆಳಮೂಲೆಯಲ್ಲಿಯೇ ತೆಳ್ಳಗಾಗುತ್ತದೆ, ಹಾಗಾಗಿ ನೆಗ್ಗುವುದೂ ತೂತಾಗುವುದೂ ಅಲ್ಲಿಯೇ. ಎರಡರ ಅಳತೆಯನ್ನೂ ನನಗೆ ಬರೆದು ಕಳಿಸು; ಸಗಟು ವ್ಯಾಪಾರಿ ಮುಂದಿನ ಸಲ ಬಂದಾಗ ಅವನ ಮುಂದಿಡಲು ಬೇಕು.

ಇಂತು,
ನಿನ್ನ ಅಮ್ಮ