ಹಾರ ಹಾಕಿದ ಫೋಟೊ ಸಾಕು, ಮೊದಲ ದಿನವೇ ಮಧ್ಯಸ್ಥಿಕೆ ಕೊಡಿ: ಕಾನೂನು ಸಚಿವರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕದ ಮಾನ್ಯ ಕಾನೂನು ಸಚಿವರಿಗೆ ನಮಸ್ಕಾರ.

ಕೇಸುಗಳನ್ನು ರಾಜಿಯಲ್ಲಿ ಮುಗಿಸುವ ಲೋಕ ಅದಾಲತ್ ಮುಗಿದ ಮಾರನೇ ದಿನ ಪೇಪರಿನಲ್ಲಿ ಒಂದು ಫೋಟೊ ಬರುತ್ತದೆ, ನೀವೂ ನೋಡಿರುತ್ತೀರಿ. ಗಂಡ ಹೆಂಡತಿಯ ಕುತ್ತಿಗೆಯಲ್ಲಿ ಹೂವಿನ ಹಾರ, ಅಕ್ಕಪಕ್ಕ ನ್ಯಾಯಾಧೀಶರು ಮತ್ತು ವಕೀಲರು, ಯಾರದೋ ಕೈಯಲ್ಲಿ ಸಿಹಿಯ ಡಬ್ಬಿ. ಮೇಲೆ 'ಮತ್ತೆ ಒಂದಾದ ದಂಪತಿಗಳು' ಅಂತ ತಲೆಬರಹ. ನಾನು ಆ ಫೋಟೊಗಳಲ್ಲಿ ಹೆಂಗಸರ ಮುಖವನ್ನೇ ನೋಡುತ್ತೇನೆ. ಕೆಲವರು ನಿಜವಾಗಿಯೂ ನಗುತ್ತಿರುತ್ತಾರೆ. ಕೆಲವರು ನೆಲ ನೋಡುತ್ತಿರುತ್ತಾರೆ.

ನನ್ನ ತಂಗಿ ಆ ಫೋಟೊದಲ್ಲಿಲ್ಲ. ಅವಳ ಕೇಸೂ ಮಧ್ಯಸ್ಥಿಕೆಯಲ್ಲಿ, ಅಂದರೆ ತೀರ್ಪು ಕೊಡದ ಮೂರನೆಯವರೊಬ್ಬರ ಎದುರು ಕೂತು ಆಡಿದ ಮಾತುಕತೆಯಲ್ಲೇ ಬಗೆಹರಿಯಿತು, ಆದರೆ ಅವಳು ಮತ್ತು ಅವಳ ಗಂಡ ಒಂದಾಗಲಿಲ್ಲ, ಬೇರೆಯಾದರು. ಜಗಳವಿಲ್ಲದೆ, ಮಗಳ ಎದುರಿಗೆ ಒಬ್ಬರನ್ನೊಬ್ಬರು ಮಾತಾಡಿಸುವ ಮಟ್ಟಿಗೆ ಬೇರೆಯಾದರು. ಅದಕ್ಕೆ ಯಾರೂ ಹಾರ ಹಾಕಲ್ಲ. ಹಾಕಬೇಕು ಅಂತ ನಾನು ಹೇಳುತ್ತಿಲ್ಲ ಬಿಡಿ. ಆದರೆ ಮೂರು ಸಲ ಕೂತು ಮಾತಾಡಿದ್ದರಲ್ಲಿ ಮುಗಿದ ಆ ವ್ಯವಹಾರಕ್ಕೆ, ಆ ಮೂರು ಸಿಟ್ಟಿಂಗ್‌ಗೆ ಮುಂಚೆ ನಾಲ್ಕು ವರ್ಷ ಯಾಕೆ ಬೇಕಾಯಿತು? ನನ್ನ ಪತ್ರ ಇಷ್ಟಕ್ಕೇ.

2019ರಲ್ಲಿ ಅವಳ ಗಂಡ ವಿಚ್ಛೇದನಕ್ಕೆ ಅರ್ಜಿ ಹಾಕಿದ. ಕೋರ್ಟು ನಮ್ಮೂರಿನಿಂದ ಎರಡು ಬಸ್ಸು ಬದಲಾಯಿಸಿ ಹೋಗುವಷ್ಟು ದೂರ. ಬೆಳಗ್ಗೆ ಐದೂವರೆಗೆ ಬಿಟ್ಟರೆ ಹತ್ತೂವರೆಗೆ ಕೋರ್ಟ್ ಹಾಲ್ ಮುಂದೆ ಇರುತ್ತಿದ್ದೆವು. ಹೆಸರು ಕೂಗುತ್ತಾರೆ, ಒಳಗೆ ಹೋಗುತ್ತೇವೆ, ಎದುರಿನವರ ವಕೀಲರು ಬಂದಿಲ್ಲ, ಅಥವಾ ನಮ್ಮವರು ಬಂದಿಲ್ಲ, ಮುಂದಿನ ತಾರೀಖು. ಎರಡು ನಿಮಿಷದ ಕೆಲಸ. ನಡುವೆ ಕೊರೋನಾ ಬಂದು ಎಲ್ಲ ನಿಂತೇ ಹೋಯಿತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದ ಮೇಲೆ ತಂಗಿಗೆ ಬಸ್ಸಿನ ಟಿಕೆಟ್ ಖರ್ಚು ಉಳಿಯಿತು, ಜೊತೆಗೆ ಹೋಗುವ ನನಗೆ ಉಳಿಯಲಿಲ್ಲ. ಇದನ್ನು ತಮಾಷೆಗೆ ಹೇಳಿದೆ, ಆದರೆ ಒಂದು ತಾರೀಖಿಗೆ ಒಂದು ದಿನದ ಕೂಲಿ, ಊಟ, ಚಹಾ, ವಕೀಲರ ಗುಮಾಸ್ತರಿಗೆ ಒಂದಿಷ್ಟು ಅಂತ ಲೆಕ್ಕ ಹಾಕಿದರೆ ತಮಾಷೆ ಅಲ್ಲ.

ಇಷ್ಟಾದರೂ ಖರ್ಚು, ಓಡಾಟಕ್ಕಿಂತ ಜಾಸ್ತಿ ಹಾಳು ಮಾಡಿದ್ದು ಕಾಗದ. ಅರ್ಜಿಯಲ್ಲಿ ಬರೆದ ಮಾತು ಸರ್. ಗಂಡ ಹೆಂಡತಿ ಮನೆಯಲ್ಲಿ ಆಡಿದ ಜಗಳ ಬೇರೆ, ಅದು ಅರ್ಜಿಯಲ್ಲಿ 'ಮಾನಸಿಕ ಕ್ರೌರ್ಯ' ಆಗಿ ಕೂತಾಗ ಬೇರೆ. ನನ್ನ ತಂಗಿ ಹೇಗೆ ಸಿಡುಕಿನವಳು, ಹೇಗೆ ಅತ್ತೆಗೆ ಊಟ ಹಾಕದೆ ಉಪವಾಸ ಕೆಡವಿದಳು ಅಂತ ಹನ್ನೆರಡು ಪುಟ. ನಾವೂ ಕಡಿಮೆ ಇರಲಿಲ್ಲ. ಅವನ ಅರ್ಜಿಗೆ ಉತ್ತರವಾಗಿ ಕೋರ್ಟಿಗೆ ಕೊಟ್ಟ ತಕರಾರಿನಲ್ಲಿ ಅವನನ್ನು ದಿನಾ ಕುಡಿಯುವವನು ಅಂತ ಬರೆಸಿದೆವು. ಅವನು ಕುಡಿಯುತ್ತಿದ್ದ, ದಿನಾ ಅಲ್ಲ, ಹಬ್ಬಕ್ಕೋ ಜಾತ್ರೆಗೋ. 'ಹೀಗೆ ಬರೆದರೇನೇ ಕೇಸ್ ಗಟ್ಟಿ' ಅಂದರು, ಸಹಿ ಹಾಕಿದಳು. ಆಮೇಲೆ ಎದುರಿನ ವಕೀಲರ ಪಾಟೀಸವಾಲು. ತುಂಬಿದ ಕೋರ್ಟಿನಲ್ಲಿ ನಿಂತು, ತಾನು ಯಾವ ತಿಂಗಳು ತವರಿಗೆ ಬಂದೆ, ಯಾರ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ ಅಂತ ಉತ್ತರ ಕೊಟ್ಟ ಮೇಲೆ ಯಾವ ಹೆಂಗಸು ಆ ಮನುಷ್ಯನ ಜೊತೆ ಚಹಾ ಕುಡಿಯುತ್ತಾಳೆ ಹೇಳಿ? ಜಗಳ ಆಡಿ ಬಂದಿದ್ದವರು ಕಾಗದ ಓದಿ ಶತ್ರುಗಳಾದರು.

ನಾಲ್ಕನೇ ವರ್ಷ ಹೊಸ ನ್ಯಾಯಾಧೀಶರು ಬಂದರು. ಕಡತ ತಿರುವಿ ನೋಡಿ ಮಧ್ಯಸ್ಥಿಕೆಗೆ ಕಳಿಸಿದರು. ನಾವು ಅದನ್ನೂ ಇನ್ನೊಂದು ತಾರೀಖು ಅಂದುಕೊಂಡೇ ಹೋದೆವು. ಚಿಕ್ಕ ಕೋಣೆ, ದುಂಡು ಮೇಜು, ಐವತ್ತರ ಆಸುಪಾಸಿನ ಒಬ್ಬ ವಕೀಲೆ. ಅವರು ಕರಿ ಕೋಟು ಹಾಕಿರಲಿಲ್ಲ. ಮೊದಲು ಹೇಳಿದ್ದೇ, 'ನಾನು ತೀರ್ಪು ಕೊಡೋಳಲ್ಲ, ಇಲ್ಲಿ ಆಡಿದ ಮಾತು ಕೋರ್ಟಿಗೆ ಹೋಗಲ್ಲ.' ಆಮೇಲೆ ನನ್ನನ್ನು ಹೊರಗೆ ಕಳಿಸಿದರು. ನನಗೆ ಸಿಟ್ಟು ಬಂತು, ನಿಜ. ನಾಲ್ಕು ವರ್ಷ ಜೊತೆಗೆ ಓಡಾಡಿದ ಅಣ್ಣ ನಾನು. ಅವನ ಸೋದರಮಾವನನ್ನೂ ಹೊರಗೆ ಕಳಿಸಿದ್ದರು, ಇಬ್ಬರೂ ಕಾರಿಡಾರಿನ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತೆವು.

ಎರಡನೇ ಸಲ ಕೂತಾಗ ಒಂದು ವಿಷಯ ಹೊರಬಂತು. ತಂಗಿಯ ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿ ಮಾರ್ಕ್ಸ್ ಕಾರ್ಡ್ ಎಲ್ಲ ಅವನ ಮನೆಯ ಬೀರುವಿನಲ್ಲೇ ಉಳಿದಿದ್ದವು. ಅವು ಇಲ್ಲದೆ ಅವಳು ಎರಡು ಕೆಲಸಕ್ಕೆ ಅರ್ಜಿ ಹಾಕಲಾಗಿರಲಿಲ್ಲ. ನನಗೂ ಹೇಳಿರಲಿಲ್ಲ. ಅವನಿಗೆ ಬೇಕಾಗಿದ್ದು ಮಗಳು ವರ್ಷಕ್ಕೊಮ್ಮೆ ಅವರ ಊರ ಜಾತ್ರೆಗೆ ಬರಬೇಕು, ಅಜ್ಜಿ ಕಣ್ಣು ಮುಚ್ಚುವ ಮುಂಚೆ ಮೊಮ್ಮಗಳನ್ನು ನೋಡಬೇಕು ಅನ್ನುವುದು. ನಾಲ್ಕು ವರ್ಷದ ಕಡತದಲ್ಲಿ ಹುಡುಕಿ ಸರ್, ಮಾರ್ಕ್ಸ್ ಕಾರ್ಡ್ ಅನ್ನುವ ಪದ ಇಲ್ಲ, ಜಾತ್ರೆ ಅನ್ನುವ ಪದವೂ ಇಲ್ಲ. ವಿಚ್ಛೇದನಕ್ಕೆ ಯಾವ ಕಾರಣ ನಡೆಯುತ್ತದೆ ಅಂತ ಹೇಳುವ ಹಿಂದೂ ವಿವಾಹ ಕಾಯ್ದೆಯ 13ನೇ ಸೆಕ್ಷನ್ನಿನಲ್ಲಿ ಅವಕ್ಕೆ ಜಾಗ ಇಲ್ಲವಲ್ಲ. ಮೂರನೇ ಸಲ ಅವನು ಪ್ಲಾಸ್ಟಿಕ್ ಕವರಿನಲ್ಲಿ ಮಾರ್ಕ್ಸ್ ಕಾರ್ಡ್ ತಂದ. ಒಂದಕ್ಕೂ ಮಡಿಕೆ ಬಿದ್ದಿರಲಿಲ್ಲ. ಜೀವನಾಂಶ, ಒಡವೆ, ಬೇಸಿಗೆ ರಜೆ ಎಲ್ಲ ಅವತ್ತೇ ಬರೆದು ಸಹಿ ಆಯಿತು. ಮುಂದೆ ಪರಸ್ಪರ ಒಪ್ಪಿಗೆಯ ವಿಚ್ಛೇದನ. ಅದಕ್ಕೂ ಕಾನೂನಿನಲ್ಲಿ ಆರು ತಿಂಗಳು ಕಾಯಬೇಕು, ಆದರೆ ಮತ್ತೆ ಕೂಡುವ ದಾರಿಯೇ ಇಲ್ಲ, ಉಳಿದದ್ದೆಲ್ಲ ಇತ್ಯರ್ಥವಾಗಿದೆ ಎಂದು ಕಂಡರೆ ಆ ಅವಧಿಯನ್ನು ಬಿಡಬಹುದು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ನಮಗೆ ಅದೂ ಸಿಕ್ಕಿತು.

ಈಗ ನೀವು ಕೇಳಬಹುದು, ಕಾನೂನು ಇದೆಯಲ್ಲ, ಇನ್ನೇನು ಬೇಕು ಅಂತ. ಇದೆ, ಬೇಕಾದಷ್ಟಿದೆ. ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ ಬಂದಿದ್ದೇ 1984ರಲ್ಲಿ, ಅದರ 9ನೇ ಸೆಕ್ಷನ್ ಮೊದಲು ರಾಜಿಗೆ ಪ್ರಯತ್ನ ಮಾಡಿ ಅಂತ ಕೋರ್ಟಿಗೇ ಹೊಣೆ ಹಾಕಿದೆ. ಕೇಸನ್ನು ಮಧ್ಯಸ್ಥಿಕೆಯಂಥ ದಾರಿಗೆ ಕಳಿಸಬಹುದು ಅನ್ನುವ ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಸೆಕ್ಷನ್ 2002ರ ಜುಲೈ 1ರಿಂದ ಜಾರಿಯಲ್ಲಿದೆ. ಬೆಂಗಳೂರಿನ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ ಹೈಕೋರ್ಟಿನ ಮಧ್ಯಸ್ಥಿಕೆ ಕೇಂದ್ರ 2007ರಿಂದ ಕೆಲಸ ಮಾಡುತ್ತಿದೆ. ಕೌಟುಂಬಿಕ ಕೋರ್ಟುಗಳು ವೈವಾಹಿಕ ವ್ಯಾಜ್ಯಗಳನ್ನು ಮಧ್ಯಸ್ಥಿಕೆಯಲ್ಲಿ ಬಗೆಹರಿಸಲು ಎಲ್ಲ ಪ್ರಯತ್ನ ಮಾಡಬೇಕು, ಕೇಸ್ ಹಾಕುವುದಕ್ಕೂ ಮುಂಚೆ ಬರುವವರಿಗಾಗಿ ಮಧ್ಯಸ್ಥಿಕೆ ಕೇಂದ್ರಗಳಲ್ಲಿ ಪ್ರತ್ಯೇಕ ಡೆಸ್ಕ್ ಇಡಬೇಕು, ಅದಕ್ಕೆ ಚೆನ್ನಾಗಿ ಪ್ರಚಾರ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿತ್ತು. 2023ರಲ್ಲಿ ಮಧ್ಯಸ್ಥಿಕೆ ಕಾಯ್ದೆಯೂ ಬಂತು, 120 ದಿನದಲ್ಲಿ ಮುಗಿಸಿ, ಬೇಕಾದರೆ ಇನ್ನೊಂದು 60 ದಿನ ಅನ್ನುತ್ತದೆ. 2025ರ ಜುಲೈನಿಂದ ಸೆಪ್ಟೆಂಬರ್‌ವರೆಗೆ ದೇಶದ ತುಂಬ ತೊಂಬತ್ತು ದಿನಗಳ ಮಧ್ಯಸ್ಥಿಕೆ ಅಭಿಯಾನವೂ ಆಯಿತು. ಆ ಅಭಿಯಾನ ಕೋರ್ಟಿನಲ್ಲಿ ಬಾಕಿ ಇರುವ ಕೇಸುಗಳಿಗೆ. ನಾನು ಕೇಳುತ್ತಿರುವುದು ಬಾಕಿ ಆಗುವುದಕ್ಕೂ ಮುಂಚೆ.

ಒಂದು ವಿಚಿತ್ರ ನೋಡಿ. ಇಬ್ಬರು ವ್ಯಾಪಾರಿಗಳು ದುಡ್ಡಿಗೆ ಜಗಳವಾಡಿದರೆ, ತುರ್ತು ಆದೇಶ ಬೇಕಿಲ್ಲದ ಕೇಸಾದರೆ, ಮಧ್ಯಸ್ಥಿಕೆಗೆ ಹೋಗಿ ಬರದೆ ವಾಣಿಜ್ಯ ದಾವೆ ಹಾಕುವ ಹಾಗೇ ಇಲ್ಲ. 2018ರಿಂದ ಕಾನೂನೇ ಹಾಗಿದೆ, 2022ರಲ್ಲಿ ಸುಪ್ರೀಂ ಕೋರ್ಟ್ ಅದು ಕಡ್ಡಾಯ ಅಂತ ಗಟ್ಟಿ ಮಾಡಿತು. ಸಿಮೆಂಟ್ ಮೂಟೆಯ ಬಾಕಿಗೆ ಮೊದಲು ಕೂತು ಮಾತಾಡಿ ಅನ್ನುವ ನಾವು, ನಾಲ್ಕು ವರ್ಷದ ಮಗು ಯಾರ ಮನೆಯಲ್ಲಿ ಮಲಗಬೇಕು ಅನ್ನುವುದಕ್ಕೆ ಮೊದಲು ಹನ್ನೆರಡು ಪುಟ ಬೈದು ತನ್ನಿ ಅನ್ನುತ್ತೇವೆ.

ಹಾಗಂತ ಎಲ್ಲರಿಗೂ ಕಡ್ಡಾಯ ಮಾಡಿ ಅಂತ ನಾನು ಹೇಳಲಾರೆ. ಇಲ್ಲಿ ನನಗೇ ಭಯ ಇದೆ. ನಮ್ಮ ಹಳ್ಳಿಗಳಲ್ಲಿ ಪಂಚಾಯ್ತಿ ಸೇರಿಸುವುದು ಹೊಸತಲ್ಲ. ತಂಗಿ ಮೊದಲ ಸಲ ತವರಿಗೆ ಬಂದಾಗ ನಮ್ಮ ಮನೆ ಜಗುಲಿಯ ಮೇಲೂ ಆರು ಜನ ಹಿರಿಯರು ಕೂತಿದ್ದರು. 'ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ' ಅಂತ ಗಾದೆ ಹೇಳಿ, ಹೊಂದಿಕೊಂಡು ಹೋಗಮ್ಮ ಅಂತ ಕಳಿಸಿದರು. ಅವರಲ್ಲಿ ಒಬ್ಬರಾದರೂ ಅವಳನ್ನು, ನಿನಗೇನು ಬೇಕಮ್ಮ ಅಂತ ಕೇಳಲಿಲ್ಲ. ನಾನೂ ಕೇಳಲಿಲ್ಲ. ಮಧ್ಯಸ್ಥಿಕೆ ಅಂದರೆ ಅದೇ ಜಗುಲಿಗೆ ಸರ್ಕಾರಿ ಬೋರ್ಡ್ ಹಾಕುವುದಾದರೆ ದಯವಿಟ್ಟು ಬೇಡ. ಹೊಡೆತ ತಿಂದು ಬಂದವಳನ್ನು ಹೊಡೆದವನ ಎದುರಿಗೆ ಕೂರಿಸಿ 'ಇಬ್ಬರೂ ಸ್ವಲ್ಪ ಬಗ್ಗಿ' ಅನ್ನಬಾರದು. ಅವಳಿಗೆ ಬೇಕಿರುವುದು 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ರಕ್ಷಣಾ ಆದೇಶ. ಹಾಗಾಗಿ ಯಾವ ಜೋಡಿ ಬಂದರೂ ಮೊದಲು ಇಬ್ಬರನ್ನೂ ಬೇರೆಬೇರೆಯಾಗಿ ಕೂರಿಸಿ ಮಾತಾಡಿಸಬೇಕು, ಭಯ ಇದೆಯಾ ಅಂತ ಕೇಳಬೇಕು, ಇದೆ ಅಂದರೆ ಅಲ್ಲಿಗೇ ನಿಲ್ಲಿಸಬೇಕು. ಮಾತುಕತೆ ನಡೆಯುತ್ತಿದೆ ಅನ್ನುವ ನೆಪದಲ್ಲಿ ಮಧ್ಯಂತರ ಜೀವನಾಂಶ, ಅಂದರೆ ಕೇಸ್ ಮುಗಿಯುವ ತನಕದ ಜೀವನಾಂಶ, ನಿಲ್ಲಬಾರದು. ಅದನ್ನು ನೋಟಿಸ್ ತಲುಪಿದ ಅರವತ್ತು ದಿನದೊಳಗೆ ಆದಷ್ಟೂ ತೀರ್ಮಾನಿಸಿ ಅಂತ ಕಾನೂನೇ ಹೇಳುತ್ತದೆ. ಮನೆಯಲ್ಲಿ ಅಕ್ಕಿ ಇಲ್ಲದ ಹೆಂಗಸು ಯಾವ ಷರತ್ತಿಗಾದರೂ ಹೂಂ ಅಂತಾಳೆ, ಅದು ರಾಜಿ ಅಲ್ಲ.

ಈಗ ನಿಮ್ಮ ಕೈಯಲ್ಲಿ ಏನಿದೆ ಅನ್ನುವುದಕ್ಕೆ ಬರುತ್ತೇನೆ. ಕೋರ್ಟ್ ನಡೆಸುವುದು ಹೈಕೋರ್ಟಿನ ಕೆಲಸ, ಸರ್ಕಾರದ್ದಲ್ಲ, ಇಷ್ಟು ನಮಗೂ ಗೊತ್ತು. ಆದರೆ ಕೌಟುಂಬಿಕ ಕೋರ್ಟಿನಲ್ಲಿ ಎಷ್ಟು ಜನ ಆಪ್ತ ಸಮಾಲೋಚಕರು ಇರಬೇಕು ಅಂತ ಹೈಕೋರ್ಟಿನ ಜೊತೆ ಮಾತಾಡಿ ನಿರ್ಧರಿಸುವುದು ರಾಜ್ಯ ಸರ್ಕಾರ, 1984ರ ಕಾಯ್ದೆಯ 6ನೇ ಸೆಕ್ಷನ್ ನೋಡಿ. ಸಂಬಳ, ಕೋಣೆ, ಕುರ್ಚಿ ಎಲ್ಲಕ್ಕೂ ದುಡ್ಡು ನಿಮ್ಮ ಬಜೆಟ್‌ನಿಂದಲೇ ಬರಬೇಕು. ಹೈಕೋರ್ಟಿನ ಜೊತೆ ಕೂತು ಇಷ್ಟು ಕೇಳಿ: ವಿಚ್ಛೇದನದ ಅಥವಾ ಮಗುವಿನ ಸುಪರ್ದಿಯ ಅರ್ಜಿ ಬಂದಾಗ, ಎದುರಿನವರು ತಕರಾರು ಬರೆದು ತರುವುದಕ್ಕೆ ಮುಂಚೆಯೇ, ಮೊದಲ ತಾರೀಖೇ ಮಧ್ಯಸ್ಥಿಕೆ ಕೋಣೆಯಲ್ಲಿ ಆಗಲಿ. ಬೇಡ ಅನ್ನುವವರು ಬೇಡ ಅಂದು ಎದ್ದು ಹೋಗಲಿ, ಆದರೆ ಅದು ಏನು ಅಂತ ಒಂದು ಸಲ ಕೇಳಿಸಿಕೊಂಡು ಹೋಗಲಿ. ಸಮನ್ಸ್ ಜೊತೆಗೆ ಕನ್ನಡದಲ್ಲಿ, ಓದಿದರೆ ಅರ್ಥವಾಗುವ ಕನ್ನಡದಲ್ಲಿ, ಒಂದು ಹಾಳೆ ಇಡಿ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ, 15100ಕ್ಕೆ ಫೋನ್ ಮಾಡಬಹುದು ಅಂತ ನನ್ನ ತಂಗಿಗೆ ಗೊತ್ತಾಗಿದ್ದು ಮೂರನೇ ವರ್ಷ, ಅದೂ ಕ್ಯಾಂಟೀನಿನಲ್ಲಿ ಸಿಕ್ಕ ಇನ್ನೊಬ್ಬ ಹೆಂಗಸಿನಿಂದ.

ಇನ್ನು ಜಾಗ. ಪ್ರತಿ ತಾಲ್ಲೂಕಿಗೂ ಕಾನೂನು ಸೇವಾ ಸಮಿತಿ ಇದೆ, ಅಲ್ಲೇ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ ಸಾಕು. ಬಾಗಿಲು ಮುಖ್ಯ ಸರ್, ಕಾರಿಡಾರಿನಲ್ಲಿ ನಿಲ್ಲಿಸಿ ಮಾತಾಡಿಸುವುದು ಮಧ್ಯಸ್ಥಿಕೆ ಅಲ್ಲ. ಭಾನುವಾರ ಇಟ್ಟರೆ ಕೂಲಿ ಉಳಿಯುತ್ತದೆ. ಮಗುವಿಗೆ ಕೂರಲು ಒಂದು ಮೂಲೆ ಇರಲಿ. ನನ್ನ ಸೊಸೆಗೆ, ಅಂದರೆ ತಂಗಿಯ ಮಗಳಿಗೆ, ಆರು ವರ್ಷಕ್ಕೇ ಕೋರ್ಟಿನಲ್ಲಿ ಅಪ್ಪ ಯಾವ ಬೆಂಚಿನಲ್ಲಿ ಕೂರುತ್ತಾನೆ ಅಂತ ಗೊತ್ತಿತ್ತು. ಮಧ್ಯಸ್ಥಿಕೆ ಮಾಡುವವರು ಬರೀ ವಕೀಲರೇ ಯಾಕೆ ಆಗಬೇಕು? ನಲವತ್ತು ಗಂಟೆಯ ತರಬೇತಿ ಕೊಡುತ್ತಾರಲ್ಲ, ಅದನ್ನು ಮನಃಶಾಸ್ತ್ರ ಓದಿದವರಿಗೆ, ಸಮಾಜ ಕಾರ್ಯ ಓದಿದವರಿಗೆ, ಊರಿನ ಒಳ್ಳೆಯ ನಿವೃತ್ತ ಮೇಡಂಗಳಿಗೂ ಕೊಡಿ. ಮತ್ತೆ ಅವರಿಗೆ ಸರಿಯಾದ ಗೌರವಧನ ಕೊಡಿ, ಅದೂ ಸಿಟ್ಟಿಂಗ್ ಲೆಕ್ಕದಲ್ಲಿ. ರಾಜಿ ಆದರೆ ಇಷ್ಟು, ಆಗದಿದ್ದರೆ ಅಷ್ಟು ಅಂತ ಮಾಡಿದರೆ ಸಹಿ ಹಾಕಿಸುವ ಆತುರ ಬಂದೇ ಬರುತ್ತದೆ.

ವಕೀಲರು ಇದನ್ನು ಓದಿ ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಕೇಸ್ ಮುಗಿಸಿಕೊಟ್ಟವರೂ ವಕೀಲರೇ. ಕೊನೆಗೆ ನಮ್ಮ ವಕೀಲರೇ ಫೀಸಿನ ಬಾಕಿ ಅರ್ಧ ಬಿಟ್ಟರು.

ಸಚಿವರೇ, ಮುಂದಿನ ಲೋಕ ಅದಾಲತ್ ದಿನ ಹೇಳದೆ ಕೇಳದೆ ಯಾವುದಾದರೂ ಜಿಲ್ಲಾ ಕೋರ್ಟಿಗೆ ಒಮ್ಮೆ ಹೋಗಿ ಬನ್ನಿ. ಹಾರ ಹಾಕಿದ ಜೋಡಿ ಸಿಕ್ಕರೆ ಫೋಟೊಗೆ ನಿಲ್ಲುವ ಮೊದಲು ಅವರ ಕಡತ ತರಿಸಿ, ಮೇಲೆ ಕೇಸ್ ನಂಬರಿನ ಪಕ್ಕ ಯಾವ ಇಸವಿ ಬರೆದಿದೆ ಅಂತ ನೋಡಿ.

ಇಂತಿ,
ತಂಗಿಯ ಜೊತೆ ನಾಲ್ಕು ವರ್ಷ ತಾರೀಖಿಗೆ ಓಡಾಡಿದ ಒಬ್ಬ ಅಣ್ಣ