ಅಡ್ಡಗೆರೆಯಲ್ಲಿ ಎಕ್ಸ್ ಎಲ್ಲಿದೆ?

ಸಂಪಾದಕರೇ,

ನನ್ನ ಮಗಳು ಒಂಬತ್ತನೇ ಕ್ಲಾಸು. ಮೊನ್ನೆ ವೈ = 3ಕ್ಕೆ ಗ್ರಾಫ್ ಹಾಕು ಅಂದರೆ ಒಂದೇ ಚುಕ್ಕೆ ಇಟ್ಟು ಪೆನ್ಸಿಲ್ ಕೆಳಗಿಟ್ಟಳು. 'ಇದರಲ್ಲಿ ಎಕ್ಸೇ ಇಲ್ವಲ್ಲಪ್ಪಾ' ಅಂದಳು. ನ್ಯಾಯವಾದ ಪ್ರಶ್ನೆ ಅಲ್ವಾ? 'ಎಕ್ಸ್ ಅಕ್ಷಕ್ಕೆ ಸಮಾಂತರ' ಅಂತ ಬಾಯಿಪಾಠವೇನೋ ಆಗಿತ್ತು.

ನಮ್ಮ ಕೋಲಾರದ ಮಂಡಿಯಲ್ಲಿ ಟೊಮೆಟೊ ಬಾಕ್ಸ್ ಅಂದರೆ 15 ಕೆಜಿ. ರೇಟು ಇವತ್ತು ಏರುತ್ತದೆ, ನಾಳೆ ಬೀಳುತ್ತದೆ, ಆದರೆ ಬಾಕ್ಸಿನ ತೂಕದ ಲೆಕ್ಕ ಸೋಮವಾರವೂ 15, ಮಂಗಳವಾರವೂ 15. ದಿನಗಳನ್ನು ಅಡ್ಡಕ್ಕೆ (ಅದೇ ಎಕ್ಸ್), ಕೆಜಿಯನ್ನು ಮೇಲಕ್ಕೆ (ಅದೇ ವೈ) ಬರೆಸಿದೆ. (1, 15), (2, 15), (3, 15) ಅಂತ ಅವಳೇ ಚುಕ್ಕೆ ಇಟ್ಟು, ಸ್ಕೇಲ್ ಹಿಡಿದು ಸೇರಿಸಿದಳು. ನೇರ ಅಡ್ಡಗೆರೆ! ಏರಿಲ್ಲ, ಇಳಿದಿಲ್ಲ, ಅದಕ್ಕೇ ಇಳಿಜಾರು ಸೊನ್ನೆ. ಎಕ್ಸ್ ಎಲ್ಲೂ ಹೋಗಿಲ್ಲ, ಅದು ಎಷ್ಟೇ ಆದರೂ ವೈ ಬದಲಾಗುವುದಿಲ್ಲ, ಅಷ್ಟೇ.

ಎಕ್ಸ್ = 3 ಮಾತ್ರ ಬೇರೆ. ಅದು ನೆಟ್ಟಗೆ ನಿಂತ ಗೆರೆ, ಒಂದೇ ಎಕ್ಸ್‌ಗೆ ಲೆಕ್ಕವಿಲ್ಲದಷ್ಟು ವೈ, ಹಾಗಾಗಿ ಫಂಕ್ಷನ್ನೇ ಅಲ್ಲ; ಫಂಕ್ಷನ್ ಅಂದರೆ ಒಂದು ಎಕ್ಸ್‌ಗೆ ಒಂದೇ ವೈ ಇರಬೇಕು.

ಮೇಷ್ಟ್ರುಗಳೇ, ಗೆರೆ ಎಳೆದು ತೋರಿಸುವ ಮೊದಲು ಮಕ್ಕಳ ಕೈಯಲ್ಲೇ ನಾಲ್ಕು ಚುಕ್ಕೆ ಇಡಿಸಿ, ದಯವಿಟ್ಟು.

– ಒಬ್ಬ ತಂದೆ, ಕೋಲಾರ